ಬಲಗಿವಿ

ಸುರಪುರದ ತಹಸೀಲ್ ಕಚೇರಿ ಎದುರು
ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು
ದಿನಕ್ಕೆ ಹದಿನೆಂಟು ಅರ್ಜಿ ಬರೆಯುತ್ತೇನೆ.
ಪೆನ್ನು ಎಲ್ಲೂ ತಡವರಿಸುವುದಿಲ್ಲ.

ರಾತ್ರಿ ನನ್ನದೊಂದು ಪದ್ಯಕ್ಕೆ ಕೂತರೆ
ಮೊದಲ ಸಾಲು 'ಮಾನ್ಯರೇ' ಅನ್ನುತ್ತದೆ,
ಎರಡನೆಯದು 'ಈ ಮೂಲಕ'.
ಯುಗಾದಿಯಿಂದ ಹಾಳೆ ಹರಿದದ್ದೇ ಬಂತು.

ನಿನ್ನೆ ಹಯ್ಯಾಳಮ್ಮ ಬಂದಳು,
ಸಿಡಿಲಿಗೆ ಸತ್ತ ಆಡಿನ ಪರಿಹಾರಕ್ಕೆ.
'ಬಲಗಿವಿ ತುದಿ ಹರದಿತ್ತು, ಬರಿ.'
'ಅರ್ಜ್ಯಾಗ ಕಿವಿ ಯಾಕ ಬೇಕು, ಯವ್ವಾ?'
'ಕಿವಿ ಬಿಟ್ಟರ ಅದು ಯಾರದರ ಆಡು,
ನಂದು ಹ್ಯಾಂಗ ಆಗ್ತದ?'

ಬರೆದೆ.
ಗುಮಾಸ್ತ ಬೇಕಾದರೆ ಹೊಡೆದುಹಾಕಲಿ, ಅವನ ಕೆಂಪು ಪೆನ್ನು.

ಮನೆಗೆ ಬಂದರೆ ಕರೆಂಟು ಇರಲಿಲ್ಲ.
ಮೇಣದಬತ್ತಿಯ ಬೆಳಕಲ್ಲಿ, ಬಿಳಿ ಹಾಳೆಯ ಮೇಲೆ
ಅದೇ ಕಿವಿ ಅಲುಗಿತು
ನೊಣ ಓಡಿಸಿದ ಹಾಗೆ.
ಅದರ ಹಿಂದೆ, ಮೆಲ್ಲಗೆ,
ಇಡೀ ಆಡು.