ಎರಡು ಮುಖದ ಗಡಿಯಾರ

ನಾನೂರ ಚಿಲ್ಲರೆ ಹೆಸರುಗಳ ಪಟ್ಟಿ.
ತೆರೆದರೆ ಬಾವಿಗೆ ಬಿಟ್ಟ ಹಗ್ಗದ ಹಾಗೆ
ಇಳಿಯುತ್ತಲೇ ಹೋಗುತ್ತದೆ: ಅಬಿಜಾನ್, ಆಕ್ರಾ, ಅಡಿಸ್ ಅಬಾಬಾ...
ದುರ್ಗಿಗುಡಿಯ ಸೈಕಲ್ ಅಂಗಡಿಯ ಮಹಡಿಯಲ್ಲಿ ಕೂತು
ಇದನ್ನು ಮಾಡಿದವಳು ನಾನೇ,
ಮಾಡಿ ಬೀಗಿದವಳೂ.

ಪರೀಕ್ಷೆಗೆ ಕರೆದದ್ದು ಚೆಸ್ ಮೇಷ್ಟ್ರು ಹಾಲಸ್ವಾಮಿಯವರನ್ನು.
ವಿನೋಬನಗರದ ಮನೆಯಲ್ಲೇ ಕೂತು ಪರದೆಯ ಮೇಲೆ
ನೈರೋಬಿಯ ಒಬ್ಬಳಿಗೆ, ಲಿಸ್ಬನ್ನಿನ ಅವಳಿಗಳಿಗೆ
ಕುದುರೆ ನಡೆಸಲು ಕಲಿಸುತ್ತಾರೆ.
ಕನ್ನಡಕ ಹಣೆಗೇರಿಸಿ, ಇಳಿಸಿ,
'ಶಿವಮೊಗ್ಗ' ಅಂತ ಒತ್ತಿದರು, ಒಂದೇ ಬೆರಳಲ್ಲಿ.
ಸಿಗಲಿಲ್ಲ.
'ಬೆಂಗಳೂರು?' ಸಿಗಲಿಲ್ಲ.
'ದೆಲ್ಲಿ?' ಅದೂ.
'ಕೋಲ್ಕತ್ತಾ ಒತ್ತಿ ಸಾರ್, ಅದೇ ನಾವು' ಅಂದೆ.
'ಅದ್ಯಾವಾಗಿಂದ?' ಅಂದರು.

ಉತ್ತರ ಇತ್ತು, ಹೇಳಲು ಬಾಯಿ ಬರಲಿಲ್ಲ.
ಅಲ್ಲಿ ಮೂಡಿದ ಸೂರ್ಯ
ತುಂಗೆಯ ಸೇತುವೆಗೆ ಬರಲು ಸುಮಾರು ಮುಕ್ಕಾಲು ಗಂಟೆ;
ಕೈಗಡಿಯಾರಕ್ಕೆ ಮಾತ್ರ ಆ ದಾರಿಯ ಗೊಡವೆಯಿಲ್ಲ.

'ಪ್ಲಸ್ ಐದೂವರೆ ಅಂದರೆ ಯಾರಿಗಿಂತ ಪ್ಲಸ್ಸು, ತಾಯಿ?
ಯಾರ ಮನೆ ಲೆಕ್ಕ ಕೇಳಿದ್ದೆ ನಾನು?
ಲಿಸ್ಬನ್ನಿನ ಮಕ್ಕಳು ಈಗ ಎದ್ದಿವೆಯೋ ಇಲ್ಲವೋ
ಅಷ್ಟು ಹೇಳಲಿ ನಿನ್ನ ಯಂತ್ರ.
ಮಾರ್ಚ್ ಕೊನೆಗೆ ಅವರು ಮುಳ್ಳು ಮುಂದಕ್ಕೆ ತಳ್ಳಿದರಂತೆ,
ನನಗೆ ಯಾರೂ ಹೇಳಲಿಲ್ಲ.
ಖಾಲಿ ಪರದೆಯೆದುರು ಕಾದೂ ಕಾದೂ ಎದ್ದುಹೋಗಿದ್ದವು.
ನಾನು ಸರಿಯಾದ ಹೊತ್ತಿಗೇ ಬಂದಿದ್ದೆ.'

ಅಂದವರು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು
ಮರದ ಪೆಟ್ಟಿಗೆಯೊಂದನ್ನು, ಪಂದ್ಯದ ಹಳೆಯ ಗಡಿಯಾರ:
ಒಂದೇ ಮೈ, ಎರಡು ಮುಖ.
'ಇದು ನಾನು. ಇದು ಎದುರಿನವನು.
ಆಟಕ್ಕೆ ಇಷ್ಟು ಗೊತ್ತಿದ್ದರೆ ಸಾಕು.'
ಗುಂಡಿ ಒತ್ತಿದರು, ಟಕ್.
ನನ್ನ ಕಡೆಯದು ನಡೆಯತೊಡಗಿತು.

ಅವತ್ತೇ ಪಟ್ಟಿಯನ್ನು ಅಳಿಸಿದೆ.
ಅಳಿಸಿದೆ ಅಂದರೆ ಸುಳ್ಳು; ಕೆಳಗೆಲ್ಲೋ ಮಡಿಸಿಟ್ಟೆ,
ಬೇಕಾದವರು ಹುಡುಕಿಕೊಳ್ಳಲಿ.
ಮೇಲೆ ಎರಡೇ ಮುಖ, 'ಇಲ್ಲಿ', 'ಅಲ್ಲಿ'.
ಪ್ರತಿ ಮುಖದ ಕೆಳಗೂ ಇಪ್ಪತ್ತನಾಲ್ಕು ಮನೆಗಳ ಸಾಲು,
ಹಗಲಿಗೆ ಬಿಳಿ, ಇರುಳಿಗೆ ಕಪ್ಪು,
ಒಂದನ್ನು ಎಳೆದರೆ ಇನ್ನೊಂದೂ ಜೊತೆಗೆ ಸರಿಯುವ ಹಾಗೆ.
ಸೊರಬ ಅಂದರೂ, ತೀರ್ಥಹಳ್ಳಿ ಅಂದರೂ,
ಹಳೇ ಬೋರ್ಡಿನಂತೆ ಶಿಮೊಗ್ಗ ಅಂತ ಬರೆದರೂ
ಮುನಿಯದೆ, 'ಗೊತ್ತಾಯಿತು,
ಈಗ ನಿಮ್ಮಲ್ಲಿ ಒಂಬತ್ತೂಮುಕ್ಕಾಲು' ಅನ್ನುವ ಹಾಗೆ.

ಹೊರಗೂ ಒಂಬತ್ತೂಮುಕ್ಕಾಲೇ.
ಗೋಪಿ ಸರ್ಕಲ್ಲಿನಲ್ಲಿ ಮೋಮೋ ಗಾಡಿಯ ಖಿಮ್‌ಲಾಲ್
ಒಲೆ ಆರಿಸುತ್ತಿದ್ದ, ಭುಜಕ್ಕೂ ಕಿವಿಗೂ ನಡುವೆ ಫೋನು.
ಪೋಖರಾದಲ್ಲಿ ತಂಗಿ.
'ಅವಳಿಗೆಷ್ಟು ಗಂಟೆ ಈಗ?' ಸುಮ್ಮನೆ ಕೇಳಿದೆ.
'ಆಗಲೇ ಹತ್ತು ಅಕ್ಕಾ. ನಮಗಿಂತ ಕಾಲು ಗಂಟೆ ಮುಂದೆ.
ಬರೀ ಕಾಲು ಗಂಟೆ.'
ಆ ಬರೀ ಅನ್ನುವಾಗ ಅವನು ನಕ್ಕದ್ದು
ಅಷ್ಟು ಬರಿದಾಗಿರಲಿಲ್ಲ.

ಅರ್ಧ ಮನೆಗೆ ಜಾಗ ಬಿಟ್ಟಿದ್ದೆ, ನಮ್ಮ ಅರ್ಧಕ್ಕೋಸ್ಕರ.
ಕಾಲು ಮನೆ ನಡೆಯುವ ಕಾಯಿಯೂ ಉಂಟೆಂದು
ಮೇಷ್ಟ್ರೂ ಹೇಳಿರಲಿಲ್ಲ.
ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಬಂದೆ.
ಸೈಕಲ್ ಅಂಗಡಿಯ ಪಕ್ಕದ ಷಟರ್ ಮುಕ್ಕಾಲು ಇಳಿದಿತ್ತು;
ಉಳಿದ ಕಾಲಿನಲ್ಲಿ ಬಗ್ಗಿ, ನುಸುಳಿ,
ಮತ್ತೆ ಮೆಟ್ಟಿಲು ಹತ್ತಿದೆ.