ಎರಡನೇ ಕೂಗಿನ ನಂತರ

ಇಪ್ಪತ್ತೊಂಬತ್ತು ವರ್ಷ ಕೂಗಿದ್ದೇನೆ,
ಮೇಯೋ ಹಾಲಿನ ಮೆಟ್ಟಿಲ ತುದಿಯಲ್ಲಿ ನಿಂತು,
ಎದೆಗಡ್ಡ ಕೆಂಪು ಪಟ್ಟಿ,
ಒಂದು ಹೆಸರು, ಮೂರು ಸಲ.
ಮೊದಲನೆಯದು ಕಿವಿಗೆ,
ಎರಡನೆಯದು ಕಾಲಿಗೆ,
ಮೂರನೆಯದು ವಾರಂಟಿಗೆ.

ಅಮಲದಾಸ್, ಬಿನ್ ಲೇಟ್ ಸೆಬಾಸ್ತಿಯನ್!
ಅವತ್ತು ಕೂಗಿದಾಗ
ಕಪ್ಪು ಕೋಟುಗಳು ಕಿಸಕ್ಕೆಂದವು.
ಲಕಾರಕ್ಕೆ ಕೊಂಬು ಹಚ್ಚಿದರೆ ಅಮಲು,
ಹಚ್ಚದಿದ್ದರೆ ಕೊಳೆಯಿಲ್ಲದವನು.
ಹುಡುಗ ಕೊಂಬು ಹೊತ್ತೇ ಬಂದಿದ್ದ:
ತೋಳಿನುದ್ದಕ್ಕೂ ಸೂಜಿಯ ಇರುವೆಸಾಲು,
ಜೇಬಲ್ಲಿ ಸಿಕ್ಕಿದ್ದು ಉಗುರಿನಷ್ಟು ಪುಡಿ.
ಹಿಂದೆ ತಾಯಿ,
ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ
ಸೀರೆಗೆ ಫಾಲ್ಸ್ ಹೊಲಿಯುವವಳು.
ಹೆಸರೇನಮ್ಮ ಎಂದರೆ, ಆರೋಗ್ಯಮೇರಿ.

ಜಡ್ಜಮ್ಮ ಕನ್ನಡಕ ತೆಗೆದಿಟ್ಟು ಕೇಳಿದರು:
"ರಾತ್ರಿ ನಿದ್ದೆ ಬರುತ್ತದೇನಪ್ಪ?"
ಟೈಪಿನವಳ ಬೆರಳು ಗಾಳಿಯಲ್ಲೇ ನಿಂತವು.
ಈ ಗೋಡೆಗಳು ಏನೇನೋ ಕೇಳಿಸಿಕೊಂಡಿವೆ,
ತಪ್ಪೊಪ್ಪುತ್ತೀಯಾ, ವಕೀಲರಿದ್ದಾರಾ, ಜಾಮೀನು ಯಾರು.
ನಿದ್ದೆಯನ್ನು ಯಾರೂ ವಿಚಾರಿಸಿರಲಿಲ್ಲ.

ಕಲಂ ಮೂವತ್ತೊಂಬತ್ತು, ಎಂದರು.
ಪುಸ್ತಕದಲ್ಲಿ ಮೊದಲಿಂದ ಇತ್ತಂತೆ,
ಹಾಳೆ ಬಿಡಿಸಿದವರು ಕಡಿಮೆ.
ಮುಚ್ಚಳಿಕೆ ಬರೆದುಕೊಟ್ಟು ಆಸ್ಪತ್ರೆ ಸೇರುವುದು,
ತಿಂಗಳಿಗೆರಡು ಬುಧವಾರ ಇಲ್ಲಿ ಮುಖ ತೋರಿಸುವುದು.
ಹೊಸೂರು ರಸ್ತೆಯಲ್ಲಿ ಹೋದರೆ
ಆಸ್ಪತ್ರೆ ಮೊದಲು, ಜೈಲು ಆಮೇಲೆ.
ಇಷ್ಟು ವರ್ಷ ನಮ್ಮ ನೀಲಿ ವ್ಯಾನು
ಆ ಗೇಟಿನ ಮುಂದೆ
ಸಿಗ್ನಲ್ಲಿಗಷ್ಟೇ ನಿಂತಿತ್ತು.

ನಾನು ಗೊಣಗಿದೆ, ಸುಳ್ಳು ಯಾಕೆ?
ಕೋರ್ಟೋ ಇದು, ಔಷಧದ ಸಾಲೋ?
ಬುಧವಾರ ಬುಧವಾರ ಬಾಟಲಿ ಹಿಡಿದು
ಶೌಚದ ಬಾಗಿಲಲ್ಲಿ ಕಾಯುವುದು ನನ್ನ ಪಾಲಿಗೆ ಬಂತು.
ಅವನು ತಲೆ ತಗ್ಗಿಸಿ ಕೊಡುತ್ತಿದ್ದ,
ಬೆಚ್ಚಗಿರುತ್ತಿತ್ತು.
ಕೌನ್ಸೆಲರ್ ಹುಡುಗಿ ಪಟ್ಟಿ ಅದ್ದುತ್ತಿದ್ದಳು:
ಎರಡು ಗೀಟು ಬಂದರೆ ಒಳ್ಳೆಯದು,
ಒಂದೇ ಬಂದರೆ ಕೆಟ್ಟದ್ದು.
ಆ ಗೀಟುಗಳಿಗಾಗಿ
ನಾನೂ ಬಗ್ಗಿ ನೋಡತೊಡಗಿದ್ದು ಯಾವಾಗಿನಿಂದ,
ನೆನಪಿಲ್ಲ.

ಅದೇ ಬುಧವಾರಗಳಲ್ಲೊಂದು ದಿನ
ಇನ್ನೊಬ್ಬನ ಹೆಸರು ಕೂಗಿದೆ, ನಂಜುಂಡ.
ಅದೇ ನಡುಕ, ಅದೇ ಸೋರುವ ಮೂಗು.
ಪೊಟ್ಟಣ ಮಾತ್ರ ತಕ್ಕಡಿಯಲ್ಲಿ
ಒಂದಿಷ್ಟು ಹೆಚ್ಚು ತೂಗಿತು.
ಜಡ್ಜಮ್ಮ ಪುಟ ಹಿಂದೆ ತಿರುವಿದರು, ಮುಂದೆ ತಿರುವಿದರು.
ಅವನು ವ್ಯಾನು ಹತ್ತಿದ.
ಮಧ್ಯಾಹ್ನ ಡಬ್ಬಿ ಬಿಚ್ಚಿದರೆ
ನನಗೆ ಅನ್ನ ಸೇರಲಿಲ್ಲ.

ಏಳನೇ ಬುಧವಾರ ಅಮಲದಾಸನದು ಒಂದೇ ಗೀಟು.
ಸರ್ಕಾರಿ ವಕೀಲರು ಎದ್ದೇಬಿಟ್ಟರು:
"ನಾಯಿ ಬಾಲ, ಮೇಡಂ."
ಅಮ್ಮಾವ್ರು ಅವರತ್ತ ನೋಡಲಿಲ್ಲ.
"ಏನಾಯಿತು?"
"ಸಂಬಳ ಬಂತು ಮೇಡಂ. ಮೊದಲನೇ ಸಂಬಳ.
ಜೇಬು ಭಾರ ಆಯ್ತು."
ನಗಬೇಕೆಂದಿದ್ದವರು ಯಾಕೋ ನಗಲಿಲ್ಲ.
"ಇನ್ನು ಮೇಲೆ ಸಂಬಳದ ದಿನ
ನೆಟ್ಟಗೆ ಇಲ್ಲಿಗೆ ಬಾ. ಅಮ್ಮನೂ ಬರಲಿ.
ಎಣಿಸಿ ಅವರ ಕೈಗೆ ಕೊಡು.
ಮುಂದಿನ ವಾಯಿದೆ ಹದಿನಾಲ್ಕು."
ಆರೋಗ್ಯಮೇರಿ ಸೆರಗಿನ ತುದಿಯನ್ನು
ಹೊಲಿಗೆ ಬಿಚ್ಚಿಹೋಗುವಷ್ಟು ತಿರುಚುತ್ತಿದ್ದಳು.

ಇವತ್ತಿಗೆ ವರ್ಷ. ಕೊನೆಯ ವಾಯಿದೆ.
ಆಸ್ಪತ್ರೆಯ ವರದಿ ಮೇಜಿನ ಮೇಲಿದೆ,
ಫ್ಯಾನಿನ ಗಾಳಿಗೆ ಮೂಲೆ ಎತ್ತಿ ಎತ್ತಿ ಇಳಿಸುತ್ತಿದೆ.
ಅಮಲದಾಸ್! ಒಂದು.
ಕೆಳಗೆ ಎಳನೀರಿನವನ ಮಚ್ಚಿನ ಸದ್ದು, ಅಷ್ಟೆ.
ಅಮಲದಾಸ್! ಎರಡು.
ನಮ್ಮ ಮೆಟ್ರೋ ಎಂಜಿ ರಸ್ತೆಯ ಮೇಲೆ
ಉಸಿರು ಬಿಟ್ಟುಕೊಂಡು ಹೋಯಿತು.

ಮೂರನೆಯದಕ್ಕೆ ಮುಂಚೆ
ಗಂಟಲು ಕಟ್ಟಿದೆ ಎಂದುಕೊಂಡು
ಕುಡಿಯುವ ನೀರಿನ ಡ್ರಮ್ಮಿನವರೆಗೆ ಹೋದೆ.
ಲೋಟ ತೊಳೆದೆ. ಮತ್ತೆ ತೊಳೆದೆ.
ಕೆಂಪು ಪಟ್ಟಿಯ ಗುಂಡಿ ಸರಿಮಾಡಿಕೊಂಡೆ.
ಒಳಗಿಂದ ಬೆಂಚ್ ಕ್ಲರ್ಕು: "ಕೂಗಪ್ಪಾ!"
ಜಡ್ಜಮ್ಮನ ದನಿ: "ಇರಲಿ, ನೀರು ಕುಡಿಯಲಿ."

ಮೆಟ್ಟಿಲ ತಿರುವಿನಲ್ಲಿ ಯಾರದೋ ಚಪ್ಪಲಿಯ ಸದ್ದು,
ಎರಡು ಜೊತೆಯದು.
ಯಾರದಾದರೂ ಆಗಿರಬಹುದು.
ನೀರು ಇನ್ನೂ ಬಾಯಲ್ಲೇ ಇದೆ,
ನುಂಗಿಲ್ಲ.