ಫ್ರಿಜ್ಜಿನ ಮೇಲಿನ ಪಟ್ಟಿ

ಸಂಬಳದ ಮಾರನೆ ದಿನ ನಮ್ಮ ಅಡುಗೆಮನೆಯಲ್ಲಿ
ಹೊಫೂಫಿನಿಂದ ದಮ್ಮಾಮಿಗೆ ಮೂರು ದಾರಿ.
ಐದು ಜನ ನರ್ಸುಗಳು, ಒಂದು ಫ್ರಿಜ್ಜು,
ಅದರ ಬಾಗಿಲಿಗೆ ಮ್ಯಾಗ್ನೆಟ್ಟು ಕಚ್ಚಿಸಿದ
ಆಸ್ಪತ್ರೆಯ ಹಳೆ ಟೆಂಪರೇಚರ್ ಚಾರ್ಟು.
ಅದರ ಬೆನ್ನಿಗೆ ಫ್ಲೋರಿನ್ ಗೆರೆ ಎಳೆದಿದ್ದಾಳೆ:
ದರ, ನಂಬಿಕೆ, ಉಪಚಾರ.

ರೈಲಿಗೆ ಇಷ್ಟು, ಬಸ್ಸಿಗೆ ಅದಕ್ಕಿಂತ ಐದು ಕಡಿಮೆ,
ಅಬೂ ಮಿಷಾಲನ ಕಾರಿಗೆ ನಮ್ಮ ಮುಖ ನೋಡಿ.
ಹತ್ತಿದ ಮೇಲೆ ಹೇಳುತ್ತೇನೆ ಅನ್ನುವವನ ಹತ್ತಿರ
ಚೌಕಾಸಿ ಗೊತ್ತಿರುವುದು ಬೀದರಿನ ಮೆಹಜಬೀನಳಿಗೆ ಮಾತ್ರ.
ಅವಳ ಉರ್ದು ಏರಿದಂತೆ ಅವನ ಅರಬ್ಬಿ
ಹತ್ತು ರಿಯಾಲ್ ಇಳಿಯುತ್ತದೆ.
ಆದರೂ ನಾಲ್ಕನೇ ಸವಾರಿ ಸಿಗುವತನಕ ಕಾರು ಕದಲುವುದಿಲ್ಲ.
ಎಸಿ ಇದೆ. ಗುಂಡಿ ಅವನ ಕೈಯಲ್ಲಿದೆ.

ಬಸ್ಸಿನವರು ನೀರಿನ ಬಾಟಲಿ ಕೊಡುತ್ತಾರೆ,
ಉಪಚಾರಕ್ಕೆ ಒಂದು ಅಂಕ.
ಪೆಟ್ರೋಲ್ ಪಂಪಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ,
ಆ ಅಂಕ ವಾಪಸ್.

ನಾನು ರೈಲಿನ ಪಕ್ಷ.
ಗದಗಿನ ಗ್ಯಾಂಗ್‌ಮನ್ ಮಗಳು ಬೇರೆ ಏನು ಹೇಳಿಯಾಳು
ಅಂತ ಫ್ಲೋರಿನ್ ನಗುತ್ತಾಳೆ.
ಬೆಳಗಿನ ಜಾವ ಅಪ್ಪ ಹಳಿಗೆ ಸುತ್ತಿಗೆ ಬಡಿದು
ತಲೆ ವಾರೆ ಮಾಡಿ ನಿಲ್ಲುತ್ತಿದ್ದ,
ಪಕ್ಕದ ಮನೆಯ ಜಗಳ ಕೇಳುವವರ ಹಾಗೆ.
ಗಟ್ಟಿ ಹಳಿಗೆ ಒಂದು ಸ್ವರ, ಬಿರುಕು ಬಿಟ್ಟದ್ದಕ್ಕೆ ಇನ್ನೊಂದು.
ಆ ಇನ್ನೊಂದನ್ನು ನಾನು ಕೇಳಿದವಳೇ ಅಲ್ಲ,
ಅವನೇ ಬಾಯಲ್ಲಿ ಮಾಡಿ ತೋರಿಸಿದ್ದು:
ಟಪ್ಪ್, ಒಡೆದ ಮಡಕೆ.
ಗುಂತಕಲ್ ಪ್ಯಾಸೆಂಜರು ಮೂರು ತಾಸು ತಡವಾದರೂ
"ಬಂತಲ್ಲವಾ" ಅನ್ನುತ್ತಿದ್ದ.
ನಂಬಿಕೆಗೆ ಅವನ ಲೆಕ್ಕವೇ ಬೇರೆ.

ಇಲ್ಲಿಯ ರೈಲು ನನ್ನನ್ನು ಕಾಯಿಸಿದ್ದು ಒಂದೇ ಸಲ.
ನಾನಿನ್ನೂ ಬಂದ ಹೊಸತು. ದವಡೆ ಹಲ್ಲು ನೋವು,
ದಮ್ಮಾಮಿನಲ್ಲಿ ಐದು ಗಂಟೆಗೆ ಡಾಕ್ಟರು.
ಅಬ್ಕೇಕ್ ಇನ್ನೂ ಬಂದಿರಲಿಲ್ಲ,
ಕಿಟಕಿ ಹಳದಿಯಾಯಿತು, ಆಮೇಲೆ ಕಂದು,
ಕಿಡ್ನಿ ಕೈಕೊಟ್ಟವರ ಯೂರಿನ್ ಬ್ಯಾಗಿನ ಹಾಗೆ.
ರೈಲು ನಿಂತಿತು.
ಕ್ಷಮೆ ಕೇಳುವ ಧ್ವನಿ ಎರಡು ಭಾಷೆಯಲ್ಲಿ ಬಂತು,
ಹಳಿಯ ಮೇಲೆ ಮರಳು.
ಎಷ್ಟು ಹೊತ್ತು ಎಂಬುದು ಎರಡರಲ್ಲೂ ಇರಲಿಲ್ಲ.

ಎದುರು ಸೀಟಿನ ಮುದುಕಿ ಡಬ್ಬಿ ತೆರೆದು ಚಾಚಿದಳು.
"ಖಲಾಸ್" ಎಂದಳು.
ಏನು ಮುಗಿಯಿತು, ಯಾರದು ಮುಗಿಯಿತು ಎಂದು
ನಾನು ಎದ್ದೇ ನಿಂತೆ.
ಅವಳು ನಕ್ಕ ನಗೆಗೆ ಡಬ್ಬಿಯೂ ಕುಣಿಯಿತು.
ಖಲಾಸ್ ಅಂದರೆ ಆ ಸೀಮೆಯ ಖರ್ಜೂರವಂತೆ.
ನೋಯುವ ಕಡೆಯಿಂದಲೇ ಕಚ್ಚಿದೆ.
ಬೀಜ ಎಲ್ಲಿ ಹಾಕಲಿ ಎಂದು ತಡಕಾಡುತ್ತಿದ್ದರೆ
ತನ್ನ ಅಂಗೈ ಮುಂದೆ ಹಿಡಿದಳು.

ಗಾಳಿ ಸ್ವಲ್ಪ ತಗ್ಗಿದಾಗ ಹೊರಗೆ ಕಂಡರು
ಮುಖಕ್ಕೆ ಬಟ್ಟೆ ಸುತ್ತಿದ ಏಳೆಂಟು ಮಂದಿ, ಸಲಿಕೆ ಹಿಡಿದು.
ಎತ್ತಿ ಹಾಕಿದ್ದರಲ್ಲಿ ಅರ್ಧ
ಅವರಿಗಿಂತ ಮೊದಲು ಹಳಿಗೆ ಮರಳುತ್ತಿತ್ತು.
ಯಾವ ದೇಶದವರೋ, ಕಣ್ಣಷ್ಟೇ ಹೊರಗೆ.
ಒಬ್ಬ ಬಗ್ಗಿ ಸಲಿಕೆಯಿಂದ ಹಳಿಗೆ ಕುಟ್ಟಿದ,
ತಲೆ ವಾರೆ ಮಾಡಿದ.
ಸಲಿಕೆಗೆ ಅಂಟಿದ್ದನ್ನು ಕೊಡವುತ್ತಿದ್ದನೋ ಏನೋ.
ಗಾಜು ದಪ್ಪ, ಸ್ವರ ಒಳಗೆ ಬರಲಿಲ್ಲ.

ಎರಡು ಗಂಟೆ ಹತ್ತು ನಿಮಿಷ.
ಹಲ್ಲಿನ ಡಾಕ್ಟರು ಮನೆಗೆ ಹೋಗಿದ್ದ.

ಆ ರಾತ್ರಿ ಫ್ಲೋರಿನ್ ಕೆಂಪು ಪೆನ್ನಿನಿಂದ
ನಂಬಿಕೆಯಲ್ಲಿ ಎರಡು ಅಂಕ ಹೊಡೆದುಹಾಕಿದಳು.
ಉಪಚಾರ? ಎಂದಳು.
ಚಹಾದ ಗಾಡಿ ಬರಲಿಲ್ಲ ಎಂದೆ. ನಿಜವನ್ನೇ ಹೇಳಿದೆ.
ಅಂಗೈ ರೈಲಿನವರು ಕೊಟ್ಟದ್ದಲ್ಲ.
ಸಲಿಕೆಯವರು ಕಂಪನಿಯವರೋ ಗುತ್ತಿಗೆಯವರೋ,
ಅವರ ಟಿಕೆಟ್ಟಿನ ದರ ಯಾರು ಬಲ್ಲರು.
ಅಲ್ಲಿ ಅವಳು ಸೊನ್ನೆ ಬರೆದಳು,
ದುಂಡಗೆ, ಖರ್ಜೂರದ ಬೀಜಕ್ಕಿಂತ ದೊಡ್ಡದು.

ಈ ತಿಂಗಳು ಕೋಲಾರದಿಂದ ಹೊಸ ಹುಡುಗಿ, ಪಂಕಜಾಕ್ಷಿ.
ಯಾವುದರಲ್ಲಿ ಹೋಗಲಿ ಅಕ್ಕಾ ಎಂದು ಕೇಳಿದ್ದೇ ತಡ
ಐದೂ ಬಾಯಿ ಒಟ್ಟಿಗೆ ತೆರೆದವು,
ಮೆಹಜಬೀನ್ ಆಗಲೇ ಫೋನಿನಲ್ಲಿ ಅಬೂ ಮಿಷಾಲನನ್ನು ಇಳಿಸುತ್ತಿದ್ದಳು.
ರೈಲಿಗೆ ಹೋಗು ಎಂದೆ,
ಹಲ್ಲು ನೋವಿದ್ದರೆ ಮಾತ್ರ ಬಸ್ಸು.
ಯಾಕೆಂದು ಅವಳು ಕೇಳಲಿಲ್ಲ, ಪಟ್ಟಿಯ ಫೋಟೋ ತೆಗೆದುಕೊಂಡಳು.

ಪಟ್ಟಿಯ ಆಚೆ ಮಗ್ಗುಲಲ್ಲಿ,
ಫ್ರಿಜ್ಜಿನ ತಣ್ಣನೆ ಬಾಗಿಲಿಗೆ ಮುಖ ಒತ್ತಿಕೊಂಡು,
ಯಾರದೋ ಜ್ವರ ಇನ್ನೂ
ಮೂವತ್ತೊಂಬತ್ತರಲ್ಲೇ ಇದೆ.